ತೃಷೆಯೂ ರುಚಿಯೂ: ಆನೇಕಲ್ಲಿನ ಗೃಹಸ್ಥನೊಬ್ಬನ ನೇಮ

ಶರಣರು ಅನ್ನವನ್ನು ನಿಂದಿಸಿದವರಲ್ಲ. ದೇಹವನ್ನು ಸುಮ್ಮನೆ ದಂಡಿಸುವುದನ್ನು ಮೆಚ್ಚಿದವರೂ ಅಲ್ಲ. ಕಾಯಕದಿಂದ ಬಂದುದನ್ನು ಅರ್ಪಿಸಿ, ಹಂಚಿ, ಉಳಿದುದನ್ನು ಸ್ವೀಕರಿಸಿದಾಗ ಪದಾರ್ಥವು ಪ್ರಸಾದವಾಗುತ್ತದೆ ಎಂಬುದು ಅವರ ನಿಲುವು. ಆದರೆ ಹಸಿವಿಗೂ ನಾಲಗೆಯ ಚಪಲಕ್ಕೂ ಇರುವ ಅಂತರವನ್ನು ಅವರು ಎಂದೂ ಮರೆಯಲಿಲ್ಲ. ಹಸಿವು ದೇಹದ ಧರ್ಮ. ಚಪಲ ಮನಸ್ಸಿನ ವಿಕಾರ. ನೀರಡಿಕೆಯ ವಿಷಯವೂ ಹಾಗೆಯೇ. ಬಾಯಾರಿದವನಿಗೆ ಬೇಕಾದುದು ನೀರು. ರುಚಿಗೆ ಸೋತವನು ಬೇಡುವುದು ಬೇರೊಂದನ್ನು. ಇವೆರಡೂ ಒಂದೇ ಗಂಟಲಿನಲ್ಲಿ ಇಳಿಯುವುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವುದು ಸುಲಭ. ಈ ಅಂತರವನ್ನು ಅರಿಯಲು ಒಬ್ಬ ಮನುಷ್ಯನಿಗೆ ಎಷ್ಟು ಕಾಲ ಬೇಕಾಗುತ್ತದೆ ಎಂಬುದಕ್ಕೆ ಆನೇಕಲ್ಲಿನ ಗೃಹಸ್ಥರೊಬ್ಬರ ಬಾಳಿನ ಕೆಲವು ವರ್ಷಗಳು ಸಾಕ್ಷಿಯಾಗಿವೆ.

ಆನೇಕಲ್ಲು ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಆ ಗೃಹಸ್ಥರ ತಂದೆಯ ಕಾಲದಲ್ಲಿ ಮನೆಯ ನಡುಮನೆಯಲ್ಲಿಯೇ ಮಗ್ಗವಿತ್ತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯ ಬದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಎದ್ದವು. ಮಗ್ಗದ ಮನೆಗಳ ಮಕ್ಕಳು ಪಾಳಿಯ ಕೆಲಸಕ್ಕೆ ಹೊರಟರು. ಅವರಲ್ಲಿ ಇವರೂ ಒಬ್ಬರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೊಮ್ಮಸಂದ್ರದ ಕಾರ್ಖಾನೆಯೊಂದಕ್ಕೆ ಸೇರಿ, ಮುಂದೆ ಪಾಳಿಯ ಮೇಲ್ವಿಚಾರಕರಾದರು. ತಿಂಗಳಿನಲ್ಲಿ ಎರಡು ವಾರ ರಾತ್ರಿ ಪಾಳಿ. ನಡುರಾತ್ರಿ ಕಳೆದ ಮೇಲೆ ಕಣ್ಣು ಎಳೆಯುತ್ತದೆ. ಯಂತ್ರದ ಮುಂದೆ ಕಣ್ಣು ಮುಚ್ಚಿದರೆ ಬೆರಳು ಹೋಗುತ್ತದೆ. ಆಗ ಕೈಗೆ ಬಂದದ್ದು ತಣ್ಣನೆಯ ಕೋಲಾ ಬಾಟಲಿ. ಮೊದಲು ಒಂದು ಚಿಕ್ಕ ಬಾಟಲಿ, ಮುಂದೆ ಎರಡು, ಕೆಲವು ವರ್ಷಗಳಲ್ಲಿ ಒಂದೂವರೆ ಲೀಟರಿನ ದೊಡ್ಡ ಬಾಟಲಿಯೇ ರಾತ್ರಿಯ ಜೊತೆಗಾರನಾಯಿತು.

ಇದರ ಲೆಕ್ಕವನ್ನು ಅವರು ಬಹಳ ಕಾಲ ಹಾಕಲಿಲ್ಲ. ಸಾಮಾನ್ಯ ಕೋಲಾದ ನೂರು ಮಿಲಿಲೀಟರಿನಲ್ಲಿ ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ಸಕ್ಕರೆಯಿರುತ್ತದೆ. ಒಂದೂವರೆ ಲೀಟರಿಗೆ ಅದು ಸುಮಾರು 160 ಗ್ರಾಂ, ಅಂದರೆ ನಲವತ್ತು ಟೀ ಚಮಚ. ದಿನವೊಂದಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಆರು ದಿನಗಳಿಗೆ ಸಾಕಾಗುವ ಸಕ್ಕರೆ ಒಂದೇ ರಾತ್ರಿಯಲ್ಲಿ ಒಳಗಿಳಿಯುತ್ತಿತ್ತು. ಅದರಿಂದ ಹೊಟ್ಟೆಯೂ ತುಂಬುತ್ತಿರಲಿಲ್ಲ. ಬೆಳಗ್ಗೆ ಮನೆಗೆ ಬಂದು ಎಂದಿನಂತೆ ಊಟ ಮಾಡಿ ಮಲಗುತ್ತಿದ್ದರು. ನಲವತ್ತೊಂದನೆಯ ವಯಸ್ಸಿಗೆ ತೂಕ 132 ಕಿಲೋ. ಮಧುಮೇಹ ಬಂದಿತ್ತು. ಮಂಡಿಗಳು ಮೆಟ್ಟಿಲು ಹತ್ತಲು ಒಲ್ಲೆನ್ನುತ್ತಿದ್ದವು. ನಿದ್ರೆಯಲ್ಲಿ ಗೊರಕೆ ಒಮ್ಮೆಲೇ ನಿಂತು ಉಸಿರು ಕಟ್ಟುತ್ತಿತ್ತು. ಪಕ್ಕದಲ್ಲಿ ಮಲಗಿದ ಹೆಂಡತಿ ಅದನ್ನು ಎಣಿಸುತ್ತಾ ಎಚ್ಚರವಾಗಿರುತ್ತಿದ್ದರು.

ಇಂಥ ದೇಹವನ್ನು ಕಂಡೊಡನೆ ‘ತಿಂದು ಬೆಳೆಸಿದ್ದು’ ಎಂದು ತೀರ್ಪು ಕೊಡುವುದು ಲೋಕರೂಢಿ. ಆದರೆ ಸ್ಥೂಲಕಾಯಕ್ಕೆ ವಂಶಗುಣ, ನಿದ್ರೆಗೇಡು, ಪಾಳಿಯ ಕೆಲಸ, ಕೆಲವು ಔಷಧಗಳು, ಸುತ್ತಲಿನ ಅಂಗಡಿ ಬೀದಿ ಎಲ್ಲವೂ ಕಾರಣವಾಗುತ್ತವೆ. ವೈದ್ಯಶಾಸ್ತ್ರ ಇಂದು ಅದನ್ನು ರೋಗವೆಂದೇ ಪರಿಗಣಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ತೂಕ ಮಿತಿಯನ್ನು ಮೀರಿದೆ. ಮೂವರಲ್ಲಿ ಒಬ್ಬರ ಸಂಕಟವನ್ನು ಹೊಟ್ಟೆಬಾಕತನವೆಂದು ಹೀಯಾಳಿಸುವುದು ದಯೆಯೂ ಅಲ್ಲ, ತಿಳಿವಳಿಕೆಯೂ ಅಲ್ಲ.

2023ರಲ್ಲಿ ವೈದ್ಯರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ಮನೆಯಲ್ಲಿ ಭಯ ಆವರಿಸಿತು. ಅದಕ್ಕೆ ಹಿಂದಿನ ವರ್ಷ, 2022ರ ಮೇ ತಿಂಗಳಿನಲ್ಲಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಮೃತಪಟ್ಟ ಸುದ್ದಿ ಎಲ್ಲರ ನೆನಪಿನಲ್ಲಿತ್ತು. ವೈದ್ಯರು ಎರಡಕ್ಕೂ ಇರುವ ವ್ಯತ್ಯಾಸವನ್ನು ತಾಳ್ಮೆಯಿಂದ ತಿಳಿಸಿದರು. ಅದು ಚರ್ಮದಡಿಯ ಕೊಬ್ಬನ್ನು ಹೀರಿ ಆಕಾರವನ್ನು ತಿದ್ದುವ ಕ್ರಿಯೆ. ಇದು ಜಠರವನ್ನೇ ಕಿರಿದುಗೊಳಿಸಿ ಮಧುಮೇಹ, ಉಸಿರುಕಟ್ಟುಗಳನ್ನು ಹತೋಟಿಗೆ ತರುವ ಚಿಕಿತ್ಸೆ. ಇದರಲ್ಲಿಯೂ ಅಪಾಯವಿದೆ, ಆದರೆ 132 ಕಿಲೋ ಭಾರದೊಡನೆ ಬಾಳುವುದರಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯವಿದೆ ಎಂದರು. ವೆಚ್ಚದ ಒಂದು ಭಾಗವನ್ನು ಕಾರ್ಖಾನೆಯ ವಿಮೆ ಭರಿಸಿತು. ಉಳಿದುದಕ್ಕೆ ಹೆಂಡತಿ ತಮ್ಮ ಕೊರಳ ಸರವನ್ನು ಅಡವಿಟ್ಟರು. ಈ ಸಂಗತಿಯನ್ನು ಇಲ್ಲಿ ಹೇಳಲು ಕಾರಣವಿದೆ. ಮುಂದೆ ನಡೆದುದು ಒಬ್ಬನ ನಾಲಗೆಯ ಕಥೆ ಮಾತ್ರವಲ್ಲ, ಒಂದು ಮನೆಯು ಇಟ್ಟ ನಂಬಿಕೆಯ ಕಥೆಯೂ ಹೌದು.

ಅವರಿಗೆ ಮಾಡಿದುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ. ಹೊಟ್ಟೆಯ ಮೇಲೆ ನಾಲ್ಕೈದು ಚಿಕ್ಕ ರಂಧ್ರಗಳನ್ನು ಮಾಡಿ, ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದಾದ ಕೊಳವೆಯಾಗಿ ಹೊಲಿಯುತ್ತಾರೆ. ಸಾಮಾನ್ಯ ಜಠರ ಊಟದ ಹೊತ್ತಿಗೆ ಒಂದರಿಂದ ಒಂದೂವರೆ ಲೀಟರು ಹಿಡಿಯುವಷ್ಟು ಹಿಗ್ಗುತ್ತದೆ. ಈ ಹೊಸ ಜಠರದಲ್ಲಿ ಹಿಡಿಯುವುದು ನೂರರಿಂದ ನೂರೈವತ್ತು ಮಿಲಿಲೀಟರು ಮಾತ್ರ, ಅಂದರೆ ಒಂದು ಚಿಕ್ಕ ಲೋಟದಷ್ಟು. ಹಸಿವನ್ನು ಎಬ್ಬಿಸುವ ಘ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಆ ಭಾಗವೂ ಹೋಗುವುದರಿಂದ ಮೊದಲ ಕೆಲವು ತಿಂಗಳು ಹಸಿವೆಯೇ ತಿಳಿಯುವುದಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ಕೈಗೆ ಒಂದು ಪಟ್ಟಿ ಬಂದಿತು. ಮೊದಲು ತಿಳಿಯಾದ ದ್ರವ, ಅನಂತರ ಗಟ್ಟಿ ದ್ರವ, ಆ ಮೇಲೆ ನುಣ್ಣಗೆ ಅರೆದದ್ದು, ಮೆತ್ತನೆಯದು, ಕೊನೆಗೆ ಮನೆಯ ಊಟ. ಊಟದೊಡನೆ ನೀರು ಕುಡಿಯಬಾರದು. ಅರ್ಧ ಗಂಟೆಯ ಅಂತರವಿರಬೇಕು. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಹೀರುತ್ತಾ ಒಂದೂವರೆಯಿಂದ ಎರಡು ಲೀಟರು ಮುಟ್ಟಿಸಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಬಿಡಬಾರದು. ಪಟ್ಟಿಯ ಕೊನೆಯಲ್ಲಿ ಒಂದು ಸಾಲು: ಸೋಡಾ, ಕೋಲಾ, ಗ್ಯಾಸ್ ತುಂಬಿದ ಯಾವ ಪಾನೀಯವೂ ಬೇಡ.

ಈ ನಿಷೇಧದ ಹಿಂದೆ ಸರಳವಾದ ಲೆಕ್ಕವಿದೆ. ಇಂಥ ಪಾನೀಯದಲ್ಲಿ ಅದರ ಗಾತ್ರದ ಮೂರರಿಂದ ನಾಲ್ಕು ಪಟ್ಟು ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಕರಗಿರುತ್ತದೆ. 300 ಮಿಲಿಲೀಟರಿನ ಬಾಟಲಿಯಲ್ಲಿ ಅಡಗಿರುವುದು ಸುಮಾರು ಒಂದು ಲೀಟರು ಗಾಳಿ. ಮುಚ್ಚಳ ತೆರೆದಾಗ ಸ್ವಲ್ಪ ಹೋಗುತ್ತದೆ. ಉಳಿದುದು ದೇಹದ ಬಿಸಿಗೆ ಒಳಗೆ ಬಿಚ್ಚಿಕೊಳ್ಳುತ್ತದೆ. ಚಿಕ್ಕ ಲೋಟದಷ್ಟಿರುವ ಜಠರದಲ್ಲಿ ಅದಕ್ಕೆ ಸ್ಥಳವೆಲ್ಲಿ? ಎದೆ ಬಿಗಿಯುತ್ತದೆ, ನೋವು ಬರುತ್ತದೆ, ಆಮ್ಲ ಮೇಲಕ್ಕೆ ನುಗ್ಗುತ್ತದೆ. ಸೋಡಾ ಕುಡಿದರೆ ಹೊಲಿದ ಜಠರ ಮತ್ತೆ ಹಿಗ್ಗಿಬಿಡುತ್ತದೆ ಎಂಬ ಮಾತು ರೋಗಿಗಳ ನಡುವೆ ಬಹಳ ಪ್ರಚಾರದಲ್ಲಿದೆ. ಅದಕ್ಕೆ ಗಟ್ಟಿಯಾದ ಆಧಾರ ಕಡಿಮೆ. ಆದರೆ ನೋವು, ಹುಳಿತೇಗು, ಸಕ್ಕರೆ ಈ ಮೂರೇ ಅದನ್ನು ದೂರವಿಡಲು ಸಾಕು.

ಮೊದಲ ತಿಂಗಳುಗಳು ಸುಲಭವಾಗಿ ಕಳೆದವು. ಮೊದಲ ವಾರ ತಲೆನೋವು ಕಾಡಿತು. ವರ್ಷಗಳ ಕಾಲ ಪ್ರತಿ ರಾತ್ರಿ ದೊರೆಯುತ್ತಿದ್ದ ಕೆಫೀನ್ ನಿಂತುದರ ಫಲವದು. ಬೇಳೆಕಟ್ಟು, ನೀರುಮಜ್ಜಿಗೆ, ತೆಳ್ಳನೆಯ ರಾಗಿ ಅಂಬಲಿಗಳಲ್ಲಿ ದಿನಗಳು ಸಾಗಿದವು. ನಿಜವಾದ ಕಷ್ಟ ಬಂದದ್ದು ಮುದ್ದೆಯ ವಿಷಯದಲ್ಲಿ. ಆನೇಕಲ್ಲಿನ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹೊಸ ಜಠರಕ್ಕೆ ನುಂಗಿದ್ದು ಒಗ್ಗುವುದಿಲ್ಲ, ಪ್ರತಿಯೊಂದು ತುತ್ತನ್ನೂ ಅಗಿದು ನೀರಾಗಿಸಬೇಕು. ನಲವತ್ತು ವರ್ಷದ ಅಭ್ಯಾಸವನ್ನು ಬಿಟ್ಟು ಅವರು ಮಗುವಿನಂತೆ ಉಣ್ಣಲು ಕಲಿತರು. ಎಂಟು ತಿಂಗಳಿನಲ್ಲಿ ತೂಕ 96 ಕಿಲೋಗೆ ಇಳಿಯಿತು. ಮಧುಮೇಹದ ಮಾತ್ರೆಗಳು ಕಡಿಮೆಯಾದವು. ಹೆಂಡತಿ ರಾತ್ರಿ ನಿದ್ರೆ ಮಾಡತೊಡಗಿದರು.

ಆದರೆ ವೈದ್ಯರು ಕತ್ತರಿಸಿದ್ದು ಜಠರವನ್ನು. ಚಪಲ ಇದ್ದುದು ಅಲ್ಲಿ ಅಲ್ಲ. ಹಸಿವು ತಗ್ಗಿದರೂ ರಾತ್ರಿ ಪಾಳಿ ತಗ್ಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ನಾಲಗೆ ಹಳೆಯ ಗೆಳೆಯನನ್ನು ನೆನೆಯಿತು. ಒಂದು ರಾತ್ರಿ ಒಂದು ಗುಟುಕು ಕುಡಿದರು; ಎದೆಯಲ್ಲಿ ಕಲ್ಲು ಸಿಕ್ಕಿದಂತಾಯಿತು. ನೋವು ಬುದ್ಧಿ ಕಲಿಸಬೇಕಿತ್ತು. ಆದರೆ ಚಪಲಕ್ಕೆ ಉಪಾಯಗಳು ಹಲವು. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಗ್ಯಾಸೆಲ್ಲ ಹೋಗುವವರೆಗೆ ತೆರೆದಿಟ್ಟು, ಅನಂತರ ಅದನ್ನು ಉಕ್ಕಿನ ನೀರಿನ ಬಾಟಲಿಗೆ ಸುರಿದುಕೊಂಡರು. ಗ್ಯಾಸಿಲ್ಲದ ಕೋಲಾ ನೋವು ಕೊಡಲಿಲ್ಲ. ಪಟ್ಟಿಯ ಅಕ್ಷರ ಮುರಿಯಲಿಲ್ಲವೆಂಬ ಸಮಾಧಾನವೂ ಸಿಕ್ಕಿತು. ವಾಸ್ತವದಲ್ಲಿ ಅಪಾಯ ಹೆಚ್ಚಿದ್ದೇ ಇಲ್ಲಿ. ಘನ ಆಹಾರ ಕಿರಿದಾದ ಜಠರದಲ್ಲಿ ನಿಂತು ಸಾಕೆನ್ನಿಸುತ್ತದೆ. ಸಕ್ಕರೆ ನೀರು ನಿಲ್ಲದೆ ಜಾರಿ ಹೋಗುತ್ತದೆ. ಶಸ್ತ್ರಚಿಕಿತ್ಸೆ ಕಟ್ಟಿದ ಬೇಲಿಯನ್ನು ದ್ರವರೂಪದ ಸಕ್ಕರೆ ಮುಟ್ಟದೆಯೇ ದಾಟುತ್ತದೆ. ಮೂರು ತಿಂಗಳಿನಲ್ಲಿ ನಾಲ್ಕು ಕಿಲೋ ಹಿಂದಿರುಗಿತು.

ಮನೆಯಲ್ಲಿ ಹನ್ನೊಂದು ವರ್ಷದ ಮಗಳಿದ್ದಾಳೆ. ಒಂದು ಬೆಳಗ್ಗೆ ಆಟದಿಂದ ಬಾಯಾರಿ ಬಂದವಳು, ಪಾಳಿ ಮುಗಿಸಿ ಬಂದ ತಂದೆಯ ಚೀಲದಿಂದ ಆ ಉಕ್ಕಿನ ಬಾಟಲಿಯನ್ನು ತೆಗೆದು ಬಾಯಿಗಿಟ್ಟಳು. “ಅಪ್ಪಾ, ಇದು ನೀರಲ್ಲ” ಎಂದಳು. ತಂದೆ ಮಾತನಾಡಲಿಲ್ಲ. ಮಗಳು ಮುಚ್ಚಳ ಹಾಕಿ ಬಾಟಲಿಯನ್ನು ಇದ್ದಲ್ಲಿಯೇ ಇಟ್ಟಳು. ಅಡುಗೆಮನೆಯಲ್ಲಿದ್ದ ತಾಯಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಏಕೆಂದು ತಂದೆ ಕೇಳಿದಾಗ, “ಅಮ್ಮ ನಿನ್ನ ಬೈಬಾರದು ಅಂತ” ಎಂದಳು.

ಎದೆಯ ನೋವು ಮಾಡಲಾರದ ಕೆಲಸವನ್ನು ಆ ಮಾತು ಮಾಡಿತು. ತನ್ನ ಚಪಲವನ್ನು ಕಾಪಾಡಲು ಒಂದು ಎಳೆಯ ಮನಸ್ಸು ತಾಯಿಯೆದುರು ಗುಟ್ಟು ಹೊರುವುದನ್ನು ಕಲಿಯಿತು ಎಂಬುದು ಆ ತಂದೆಗೆ ಸಹಿಸಲಾಗಲಿಲ್ಲ. ಅದೇ ವಾರ ಮತ್ತೊಂದು ಸಂಗತಿ ತಿಳಿಯಿತು. ಸಂಜೆ ಪಾಳಿಗೆ ಹೊರಡುವಾಗ ಹೆಂಡತಿ ಆ ಉಕ್ಕಿನ ಬಾಟಲಿಗೆ ಜೀರಿಗೆ ನೀರು ತುಂಬಿ ಕೈಗಿತ್ತರು. “ತೊಳೆಯೋಳು ನಾನೇ ಅಲ್ವೇನ್ರೀ, ನಂಗೆ ವಾಸ್ನೆ ಗೊತ್ತಾಗಲ್ವಾ?” ಎಂದಷ್ಟೇ ಅಂದರು. ಮೂರು ತಿಂಗಳೂ ಅವರಿಗೆ ಗೊತ್ತಿತ್ತು. ಗುಟ್ಟೆಂದುಕೊಂಡದ್ದು ಮನೆಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಎಲ್ಲರೂ ಅವರ ಮುಖವನ್ನು ಕಾಯುತ್ತಿದ್ದರು.

ವಚನ ಸಾಹಿತ್ಯದ ಅಭ್ಯಾಸಿಗಳಿಗೆ ಇಲ್ಲಿ ಶರಣೆ ಅಕ್ಕಮ್ಮನ ನೆನಪಾಗುವುದು ಸಹಜ. ಅವರ ವಚನಗಳಲ್ಲಿ ಬಹುಪಾಲು ವ್ರತಾಚಾರಗಳನ್ನೇ ಕುರಿತವು. ವ್ರತವನ್ನು ಹೊರಗಿನ ಪಟ್ಟಿಯಾಗಿ ಹಿಡಿದವನು ಅದರ ಸಂದುಗಳನ್ನು ಹುಡುಕುತ್ತಾನೆ. ಗ್ಯಾಸು ತೆಗೆದರೆ ಸೋಡಾ ಅಲ್ಲವೆನ್ನುತ್ತಾನೆ. ಒಳಗಿನ ಅರಿವಾಗಿ ಹಿಡಿದವನಿಗೆ ಸಂದುಗಳ ಅಗತ್ಯವೇ ಇರುವುದಿಲ್ಲ. ಆ ಗೃಹಸ್ಥರು ದಿನವೂ ಸ್ನಾನದ ಬಳಿಕ ಲಿಂಗಪೂಜೆ ಮಾಡಿ, ಅರ್ಪಿಸಿಯೇ ಉಣ್ಣುವವರು. ಗಂಜಿಯನ್ನು ಅರ್ಪಿಸಿದ್ದರು, ಬೇಳೆಕಟ್ಟನ್ನು ಅರ್ಪಿಸಿದ್ದರು. ಇಷ್ಟು ವರ್ಷಗಳಲ್ಲಿ ಆ ಬಾಟಲಿಯನ್ನು ಒಮ್ಮೆಯೂ ಮುಂದಿಟ್ಟಿರಲಿಲ್ಲ, ಮುಂದಿಡಬಹುದೆಂದು ತೋಚಿಯೂ ಇರಲಿಲ್ಲ. ಸೋಡಾ ಮೈಲಿಗೆಯೆಂದಲ್ಲ, ಪದಾರ್ಥದಲ್ಲಿ ಪಾಪವಿಲ್ಲ. ಮರೆಯಲ್ಲಿ ಮಾತ್ರ ಸ್ವೀಕರಿಸಬಹುದಾದ ವಸ್ತು ಅರ್ಪಿತವಾಗಲಾರದು, ಅಷ್ಟೆ. ಇದನ್ನು ಕಂಡುಕೊಂಡ ದಿನದಿಂದ ಅವರ ನೇಮ ಆರಂಭವಾಯಿತು.

ನೇಮವೆಂದರೆ ಹಲ್ಲು ಕಚ್ಚಿ ತಡೆಯುವುದಲ್ಲ, ದಾರಿಯನ್ನು ಬದಲಿಸುವುದು. ಅವರು ಮೊದಲು ಆಸ್ಪತ್ರೆಯ ಆಹಾರ ತಜ್ಞರಲ್ಲಿಗೆ ಹೋಗಿ ನಡೆದುದನ್ನು ಮುಚ್ಚದೆ ತಿಳಿಸಿದರು. ಚಪಲ ಏಳುವ ಗಳಿಗೆಯನ್ನು ಮೊದಲೇ ಗುರುತಿಸಿ ಆ ಹೊತ್ತಿಗೆ ಬೇರೆ ಕೆಲಸವನ್ನು ಇಡಬೇಕೆಂದು ಅವರು ಸಲಹೆ ನೀಡಿದರು. ಅದರಂತೆ ರಾತ್ರಿ ಎರಡು ಗಂಟೆಗೆ ಹತ್ತು ನಿಮಿಷ ಕಾರ್ಖಾನೆಯ ಅಂಗಳದಲ್ಲಿ ನಡಿಗೆ, ಅನಂತರ ಉಪ್ಪು ಶುಂಠಿ ಬೆರೆಸಿದ ನೀರುಮಜ್ಜಿಗೆ. ಪಾಳಿಯ ಆರಂಭದಲ್ಲಿ ಸಕ್ಕರೆಯಿಲ್ಲದ ಅರ್ಧ ಲೋಟ ಕಾಫಿಗೆ ಅನುಮತಿ ದೊರೆಯಿತು. ಜೊತೆಯ ಕೆಲಸಗಾರರಿಗೆ ವಿಷಯವನ್ನು ತಿಳಿಸಿದರು. ಮನೆಗೆ ದೊಡ್ಡ ಬಾಟಲಿ ತರುವುದು ನಿಂತಿತು. ಮಗಳಿಗೂ ಅದರ ಹವ್ಯಾಸ ತಪ್ಪಿತು. ಸಕ್ಕರೆಯಿಲ್ಲದ ಕೋಲಾ ಕುಡಿಯಬಹುದೆಂದು ಗೆಳೆಯರು ಸೂಚಿಸಿದರು. ಅದರಲ್ಲಿ ಸಕ್ಕರೆ ಇರುವುದಿಲ್ಲ ನಿಜ, ಆದರೆ ಗ್ಯಾಸು ಇರುತ್ತದೆ, ನಾಲಗೆಗೆ ಹಳೆಯ ದಾರಿಯ ನೆನಪೂ ಇರುತ್ತದೆ. ಅವರು ಅದನ್ನೂ ಒಲ್ಲೆನೆಂದರು.

ಹೊರಗಿನ ಕಷ್ಟ ಒಳಗಿನದಕ್ಕಿಂತ ಕಡಿಮೆಯೇನಿರಲಿಲ್ಲ. ಸೋಡಾ ಈ ನಾಡಿನಲ್ಲಿ ಕೇವಲ ಪಾನೀಯವಲ್ಲ, ಉಪಚಾರ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ಗೋಲಿಯ ಬಾಟಲಿ, ಆ ದೇಶದಲ್ಲಿ ಮರೆಯಾದ ಮೇಲೂ ಇಲ್ಲಿನ ಸಂತೆ ಜಾತ್ರೆಗಳಲ್ಲಿ ಉಳಿಯಿತು. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು, 1993ರಲ್ಲಿ ಹಿಂದಿರುಗಿದ ನಡುವಿನ ಕಾಲದಲ್ಲಿ ದೇಶೀಯ ಬಾಟಲಿಗಳು ಮನೆಮನೆಯ ಮದುವೆಯನ್ನು ಸೇರಿದವು. 2025ರ ಸೆಪ್ಟೆಂಬರಿನಿಂದ ಇಂಥ ಪಾನೀಯಗಳ ಮೇಲೆ ಜಿ.ಎಸ್.ಟಿ. ಶೇಕಡಾ 40 ಎಂದು ನಿಗದಿಯಾಗಿದೆ. ತೆರಿಗೆಯಿಂದ ಪ್ರೀತಿ ತಗ್ಗಿದಂತೆ ಕಾಣುವುದಿಲ್ಲ. ಬೀಗರ ಮನೆಯಲ್ಲಿ ಲೋಟ ನಿರಾಕರಿಸಿದರೆ ಮುನಿಸು. “ಒಂದು ಗುಟುಕಿಗೆ ಏನಾಗುತ್ತೆ?” ಎಂಬ ಒತ್ತಾಯ. ಅವರ ವೃದ್ಧ ತಾಯಿಯಂತೂ, “ಸೋಡಾ ಕುಡೀ ಮಗಾ, ತೇಗು ಬಂದ್ರೆ ಹೊಟ್ಟೆ ಹಗುರಾಗುತ್ತೆ” ಎಂದು ಹಲವು ದಿನ ಕಾಡಿದರು. ಆ ತೇಗು ಹೊಟ್ಟೆಯ ಗ್ಯಾಸಲ್ಲ, ಸೋಡಾ ತಾನೇ ತಂದ ಗ್ಯಾಸು ಹೊರಡುವ ಸದ್ದು ಎಂದು ಮೊಮ್ಮಗಳು ಅಜ್ಜಿಗೆ ತಿಳಿಸಿ ಹೇಳಿದ ಮೇಲೆ ಅವರು ಸುಮ್ಮನಾದರು. ಈಗ ಬಂದವರಿಗೆಲ್ಲ ಆ ಮಾತನ್ನು ತಮ್ಮದೇ ಎಂಬಂತೆ ಹೇಳುತ್ತಾರೆ.

ಇದೇ ಸೀಮೆಯಲ್ಲಿ ಮತ್ತೊಂದು ಹಳೆಯ ಸಂಪ್ರದಾಯವೂ ಇದೆ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟಿಗೆ ಇಟ್ಟು ನೀರು, ಮಜ್ಜಿಗೆ ಕೊಡುವುದು. ಹುಸ್ಕೂರು ಮದ್ದೂರಮ್ಮನ ಜಾತ್ರೆಯ ದಿನಗಳಲ್ಲಿ ಎತ್ತರದ ತೇರುಗಳ ಹಿಂದೆ ಬಿಸಿಲಿನಲ್ಲಿ ನಡೆದುಬರುವ ಜನಕ್ಕೆ ಬೇಕಾಗುವುದು ಅದೇ. ಅರವಟಿಗೆಯ ಮುಂದೆ ನಿಂತವನನ್ನು ಯಾರೂ ಇನ್ನಷ್ಟು ಕುಡಿ ಎಂದು ಒತ್ತಾಯಿಸುವುದಿಲ್ಲ. ತೃಷೆ ತೀರಿದರೆ ಲೋಟ ಕೆಳಗಿಡುತ್ತಾನೆ. ತೃಷೆಗೆ ಒಂದು ಕೊನೆಯಿದೆ, ರುಚಿಗೆ ಇಲ್ಲ. ಆ ಗೃಹಸ್ಥರು ಈಗ ಚಿಕ್ಕ ಗುಟುಕುಗಳಲ್ಲಿ ನೀರನ್ನು ಕುಡಿಯುತ್ತಾ ಈ ವ್ಯತ್ಯಾಸವನ್ನು ದಿನವೂ ಪರೀಕ್ಷಿಸುತ್ತಾರೆ. ನಾಲ್ಕು ಗುಟುಕು ನೀರಿನಿಂದ ಹೋದರೆ ಅದು ತೃಷೆ. ಹೋಗದಿದ್ದರೆ ಮತ್ತೇನೋ ಎಂಬುದು ಅವರು ಕಂಡುಕೊಂಡ ಒರೆಗಲ್ಲು.

ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷಗಳು ಕಳೆದಿವೆ. ತೂಕ 91 ಕಿಲೋ ಆಸುಪಾಸಿನಲ್ಲಿ ನಿಂತಿದೆ. ಅಡವಿಟ್ಟ ಸರ ಮನೆಗೆ ಬಂದಿದೆ. ಚಪಲ ಸತ್ತಿತೆಂದು ಅವರು ಹೇಳುವುದಿಲ್ಲ. ಚಂದಾಪುರದ ವೃತ್ತದಲ್ಲಿ ಬಸ್ಸಿಗೆ ಕಾಯುವಾಗ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬೆವೆತು ನಿಂತ ಬಾಟಲಿಗಳು ಈಗಲೂ ಕಣ್ಣನ್ನು ಸೆಳೆಯುತ್ತವೆ ಎನ್ನುತ್ತಾರೆ. ಸೆಳೆತ ಬಂದಾಗ ಅದನ್ನು ಹೆಂಡತಿಗೆ ಹೇಳುತ್ತಾರೆ. ಹೇಳಿದೊಡನೆ ಅದು ಅರ್ಧವಾಗುತ್ತದಂತೆ.

ಶರಣಬಂಧುಗಳು ಇದರಿಂದ ಗ್ರಹಿಸಬೇಕಾದುದು ಎರಡು. ಶಸ್ತ್ರಚಿಕಿತ್ಸೆ ದೇಹಕ್ಕೆ ಒಂದು ಅವಕಾಶವನ್ನು ಕೊಡುತ್ತದೆ. ಅದನ್ನು ಉಳಿಸಿಕೊಳ್ಳುವ ಕಾಯಕ ಬದುಕಿನುದ್ದಕ್ಕೂ ಇರುತ್ತದೆ, ಆ ಕಾಯಕದಲ್ಲಿ ಮನೆಯವರೆಲ್ಲರ ಪಾಲಿದೆ. ಇನ್ನು ಅತಿಥಿಗಳನ್ನು ಉಪಚರಿಸುವವರಿಗೊಂದು ಮಾತು. ಬಂದವರು ಒಂದು ಲೋಟವನ್ನು ಕೈಮುಗಿದು ಬೇಡವೆಂದರೆ, ಆ ಬೇಡದ ಹಿಂದೆ ಎಂಥ ಹೋರಾಟವಿದೆಯೋ ಯಾರು ಬಲ್ಲರು? ಎರಡನೆಯ ಬಾರಿ ಒತ್ತಾಯಿಸದೆ ಒಂದು ಲೋಟ ತಣ್ಣೀರು ತಂದಿಡುವುದೇ ನಿಜವಾದ ಉಪಚಾರ.